ಬ್ರೂಕ್ಲಿನ್ ಹುಡುಗನ ಶೂ ಡಬ್ಬಿ: 1955–57ರ ಬೇಸ್‌ಬಾಲ್ ಕಾರ್ಡುಗಳನ್ನು ಕಾರ್ಡ್ ಶೋನಲ್ಲಿ ಮಾರುವುದು ಹೇಗೆ?

ಹೇಮಾವತಿ ತೀರ (ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ನಾನು ಕಾರ್ಡು ಸಂಗ್ರಹಿಸುವವನಲ್ಲ. ಆದರೆ ಒಂದು ಜವಾಬ್ದಾರಿ ಹೆಗಲಿಗೆ ಬಿದ್ದಿದೆ, ತಿಳಿದವರು ದಾರಿ ತೋರಿಸಬೇಕು.

ನಮ್ಮ ಪಕ್ಕದ ಮನೆಯಲ್ಲಿ 78 ವರ್ಷದ ಅಜ್ಜಿಯೊಬ್ಬರು ಇದ್ದಾರೆ. ಅವರ ಯಜಮಾನರು ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಹನ್ನೊಂದು ವರ್ಷಗಳ ಹಿಂದೆ ನಾವು ಈ ಬೀದಿಗೆ ಬಂದಾಗ ಹಿಮ ಎತ್ತುವ ಸಲಿಕೆ ಕೂಡ ನಮ್ಮಲ್ಲಿರಲಿಲ್ಲ. ಮೊದಲ ಹಿಮ ಬಿದ್ದ ಬೆಳಿಗ್ಗೆ ನಾವು ಏಳುವ ಮುಂಚೆಯೇ ಆ ತಾತ ನಮ್ಮ ಬಾಗಿಲವರೆಗಿನ ದಾರಿಯನ್ನು ತೆಗೆದುಬಿಟ್ಟಿದ್ದರು. ಆ ಋಣ ನನ್ನ ಮೇಲಿದೆ.

ಈಗ ಅಜ್ಜಿಯ ಮನೆಯ ಛಾವಣಿ ಸೋರುತ್ತಿದೆ. ರಿಪೇರಿಗೆ ಹಣ ಹೊಂದಿಸುವಾಗ ಅಟ್ಟದಲ್ಲಿ ಒಂದು ಶೂ ಡಬ್ಬಿ ಸಿಕ್ಕಿತು. ಒಳಗೆ ತಾತ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಡುಗನಾಗಿದ್ದಾಗ ಕೂಡಿಟ್ಟ, ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡುಗಳಿವೆ, ಸುಮಾರು 400. ನಮಗೆ ತಿಳಿದ ಮಟ್ಟಿಗೆ ಇವು 1955, 1956, 1957ರವು. ಎಲ್ಲವೂ ಟಾಪ್ಸ್ ಕಂಪನಿಯವು. ರಬ್ಬರ್ ಬ್ಯಾಂಡ್ ಹಾಕಿ ಕಟ್ಟುಕಟ್ಟಾಗಿ ಇಟ್ಟಿದ್ದಾರೆ. ಕೆಲವದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಅವರ ಹೆಸರಿದೆ.

ಮನೆ ಸಾಮಾನು ಕೊಳ್ಳುವ ಒಬ್ಬ ವ್ಯಾಪಾರಿ ಬಂದು, ಡಬ್ಬಿಯನ್ನು ಎರಡು ನಿಮಿಷ ಕೆದಕಿ, ಎಲ್ಲಕ್ಕೂ ಸೇರಿ 500 ಡಾಲರ್ ಕೊಡುತ್ತೇನೆ ಎಂದಿದ್ದಾನೆ. ಅಜ್ಜಿ ಒಪ್ಪುವ ಮನಸ್ಸಿನಲ್ಲಿದ್ದರು. ಒಂದು ವಾರ ತಡೆಯಿರಿ ಎಂದು ನಾನೇ ಕೇಳಿಕೊಂಡಿದ್ದೇನೆ. ನಮ್ಮ ಊರಿನ ಹತ್ತಿರ ಅಗ್ನಿಶಾಮಕ ದಳದ ಸಭಾಂಗಣದಲ್ಲಿ ತಿಂಗಳಿಗೊಮ್ಮೆ ಭಾನುವಾರ ಕಾರ್ಡ್ ಶೋ, ಅಂದರೆ ಇಂಥ ಕಾರ್ಡುಗಳನ್ನು ಕೊಂಡು ಮಾರುವ ಸಂತೆ, ನಡೆಯುತ್ತದೆ. ಅಲ್ಲಿ ನಾವೇ ಮಾರಬಹುದೇ? ಮೋಸ ಹೋಗದೆ ಮಾರುವುದು ಹೇಗೆ?

ಕಾಗದದ ಹುಳು (ಫಿಲಡೆಲ್ಫಿಯಾ ಹತ್ತಿರ)

500 ಡಾಲರಿಗೆ ಕೊಡಬೇಡಿ. ಬೇರೆಲ್ಲ ಮಾತಿಗೆ ಮುಂಚೆ ಇದನ್ನು ಅಜ್ಜಿಗೆ ಹೇಳಿಬಿಡಿ.

ನಾನು 16 ವರ್ಷಗಳಿಂದ ಹಳೆಯ ಕಾರ್ಡುಗಳನ್ನು ಕೊಂಡು ಮಾರುತ್ತಿದ್ದೇನೆ. ನೀವು ಹೇಳಿದ ಮೂರು ವರ್ಷಗಳು ಈ ಹವ್ಯಾಸದ ಹೃದಯಭಾಗ. ಬ್ರೂಕ್ಲಿನ್ ಡಾಡ್ಜರ್ಸ್ ತಂಡ ವಿಶ್ವ ಸರಣಿಯನ್ನು (ಬೇಸ್‌ಬಾಲ್‌ನ ವರ್ಷದ ಚಾಂಪಿಯನ್ ಪಟ್ಟವನ್ನು) ಗೆದ್ದದ್ದು ಒಂದೇ ಸಲ, 1955ರಲ್ಲಿ. 1957ರ ಋತು ಮುಗಿದ ಮೇಲೆ ತಂಡವೇ ಲಾಸ್ ಏಂಜಲೀಸ್‌ಗೆ ಹೊರಟುಹೋಯಿತು. ಅಂದರೆ ನಿಮ್ಮ ತಾತ ಕೂಡಿಟ್ಟದ್ದು ಅವರ ಊರಿನ ತಂಡದ ಕೊನೆಯ ಮೂರು ವರ್ಷಗಳನ್ನು. ಕಾರ್ಡುಗಳನ್ನು ಹೊರತರುತ್ತಿದ್ದ ಟಾಪ್ಸ್ ಕೂಡ ಆಗ ಬ್ರೂಕ್ಲಿನ್‌ನ ಕಂಪನಿಯೇ. ಆ ಹುಡುಗನ ಮನೆಯಿಂದ ಕೆಲವೇ ಮೈಲಿ ದೂರದಲ್ಲಿ ಇವು ಹುಟ್ಟಿವೆ.

ಈಗ ಕೆಲಸಕ್ಕೆ ಬನ್ನಿ. ರಬ್ಬರ್ ಬ್ಯಾಂಡನ್ನು ಎಳೆದು ತೆಗೆಯಬೇಡಿ. ಅದು ಒಣಗಿ ಕಾಗದಕ್ಕೆ ಕಚ್ಚಿಕೊಂಡಿರುತ್ತದೆ. ಸಣ್ಣ ಕತ್ತರಿಯಿಂದ ತುಂಡರಿಸಿ, ತಾನಾಗಿ ಬಿಡುವಷ್ಟನ್ನು ಮಾತ್ರ ತೆಗೆಯಿರಿ. ಒದ್ದೆ ಬಟ್ಟೆ, ಅಳಿಸುವ ರಬ್ಬರು, ಇಸ್ತ್ರಿ ಪೆಟ್ಟಿಗೆ ಯಾವುದೂ ಹತ್ತಿರ ಬರಬಾರದು. ಪೆನ್ಸಿಲ್ ಹೆಸರನ್ನು ಅಳಿಸುವ ಆಸೆಯಾಗುತ್ತದೆ, ಅಳಿಸಬೇಡಿ. ಉಜ್ಜಿದ ಕಡೆ ಕಾಗದದ ಮೈ ಒರಟಾಗಿ, ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಬರಹವಿರುವ ಕಾರ್ಡಿಗೆ ಬೆಲೆ ಕಡಿಮೆ, ನಿಜ. ಉಜ್ಜಿ ಕೆಡಿಸಿದ ಕಾರ್ಡಿಗೆ ಅದಕ್ಕಿಂತಲೂ ಕಡಿಮೆ, ಜೊತೆಗೆ ಮಾರುವವನ ಮೇಲೆ ಅನುಮಾನ.

ಇಸವಿ ಪ್ರಕಾರ ಬೇರೆ ಮಾಡಿ, ಆಮೇಲೆ ಹಿಂಬದಿಯ ಕ್ರಮಸಂಖ್ಯೆ ಪ್ರಕಾರ ಜೋಡಿಸಿ. 1955 ಮತ್ತು 1956ರವು ಅಡ್ಡಡ್ಡ ಇವೆ, ಅಳತೆ 2⅝ × 3¾ ಅಂಗುಲ. 1957ರಲ್ಲಿ ಟಾಪ್ಸ್ 2½ × 3½ ಅಂಗುಲಕ್ಕೆ ಇಳಿಯಿತು, ಇಂದಿಗೂ ಅದೇ ಅಳತೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪ್ಲಾಸ್ಟಿಕ್ ತೋಳುಗಳು (ಕಾರ್ಡು ಹಾಕಿಡುವ ತೆಳು ಹೊದಿಕೆಗಳು) ಚಿಕ್ಕ ಅಳತೆಗೆ ಮಾಡಿದವು. 1956ರ ಕಾರ್ಡನ್ನು ಅದರಲ್ಲಿ ತುರುಕಿದರೆ 70 ವರ್ಷ ಉಳಿದ ಮೂಲೆ ಒಂದು ಕ್ಷಣದಲ್ಲಿ ಮಡಿಚಿಕೊಳ್ಳುತ್ತದೆ. ಹಳೆಯ ಅಳತೆಯ ತೋಳು, ಹಳೆಯ ಅಳತೆಯ ಟಾಪ್‌ಲೋಡರ್ (ಗಟ್ಟಿ ಪ್ಲಾಸ್ಟಿಕ್ ಹೊದಿಕೆ) ಎಂದೇ ಕೇಳಿ ತರಿಸಿ.

ಹುಡುಕಬೇಕಾದ ಹೆಸರುಗಳು: 1955ರಲ್ಲಿ 50ನೇ ಸಂಖ್ಯೆ ಜಾಕಿ ರಾಬಿನ್ಸನ್, 123 ಸ್ಯಾಂಡಿ ಕೋಫ್ಯಾಕ್ಸ್ (ಅವನ ಮೊದಲ ಕಾರ್ಡು), 164 ರಾಬರ್ಟೊ ಕ್ಲೆಮೆಂಟೆ (ಅವನದೂ ಮೊದಲನೆಯದು), 210 ಡ್ಯೂಕ್ ಸ್ನೈಡರ್. 1956ರಲ್ಲಿ 30 ರಾಬಿನ್ಸನ್, 31 ಹ್ಯಾಂಕ್ ಆರನ್, 135 ಮಿಕಿ ಮ್ಯಾಂಟಲ್. 1957ರಲ್ಲಿ 20 ಆರನ್, 95 ಮ್ಯಾಂಟಲ್, 302 ಕೋಫ್ಯಾಕ್ಸ್, 328 ಬ್ರೂಕ್ಸ್ ರಾಬಿನ್ಸನ್. ಇನ್ನೊಂದು ಮಾತು. 1957ರ ಕಾರ್ಡುಗಳಲ್ಲಿ 265ರಿಂದ 352ರವರೆಗಿನವು ಉಳಿದವುಗಳಿಗಿಂತ ವಿರಳ. ಆ ಸಂಖ್ಯೆಗಳಲ್ಲಿ ಆಟಗಾರ ಯಾರೇ ಆಗಿರಲಿ, ಬೇರೆ ಇಡಿ.

ಎರಡನೇ ಇನ್ನಿಂಗ್ಸ್ (ಮೈಸೂರು)

ನನಗೆ ಬೇಸ್‌ಬಾಲ್ ಗೊತ್ತಿಲ್ಲ, ಆದರೂ ಓದುತ್ತಾ ಕುಳಿತಿದ್ದೇನೆ. 1980ರ ದಶಕದ ಕೊನೆಯಲ್ಲಿ ಬಿಗ್ ಫನ್ ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟಿಗರ ಚೀಟಿಗಳು ನೆನಪಾದವು. ಹಿಂದೆ ರನ್ನು, ವಿಕೆಟ್ಟು ಬರೆದಿರುತ್ತಿದ್ದವು. ಅವನ್ನು ಕೂಡಿಸಿ ಕೊಟ್ಟರೆ ಅಂಗಡಿಯವರು ಪುಟ ಸರಸರ ತಿರುವಿದರೆ ಆಟ ಚಲಿಸುವ ಪುಟ್ಟ ಪುಸ್ತಕ ಕೊಡುತ್ತಿದ್ದರು. ನಾನು ಎಲ್ಲವನ್ನೂ ಕೊಟ್ಟು ಪುಸ್ತಕ ತಂದೆ, ಒಂದೂ ಉಳಿಯಲಿಲ್ಲ. ನಿಮ್ಮ ತಾತ ಉಳಿಸಿಕೊಂಡಿದ್ದಾರೆ ಎಂದರೆ ಆ ಹುಡುಗನ ಮೇಲೆ ಗೌರವ ಬರುತ್ತದೆ.

ಹೇಮಾವತಿ ತೀರ

ಮೂರು ರಾತ್ರಿ ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಜೋಡಿಸಿದೆವು. ಮಗಳು ಸಂಖ್ಯೆ ಓದಿದಳು, ನಾನು ಬರೆದುಕೊಂಡೆ. ಒಟ್ಟು 412.

ಕೋಫ್ಯಾಕ್ಸ್ ಇದ್ದಾನೆ, 1955ರದೂ 1957ರದೂ. ರಾಬಿನ್ಸನ್ ಎರಡೂ ವರ್ಷದವು ಇವೆ. 1955ರ ಸ್ನೈಡರ್ ಇದೆ, ಆದರೆ ಎರಡೂ ಪಕ್ಕದಲ್ಲಿ ರಬ್ಬರ್ ಬ್ಯಾಂಡಿನ ಗಾಯ. ಆರನ್ 1956, 1957 ಎರಡೂ. ಕ್ಲೆಮೆಂಟೆ ಇಲ್ಲ. ಮ್ಯಾಂಟಲ್ ಒಂದೂ ಇಲ್ಲ! ಅಜ್ಜಿಯನ್ನು ಕೇಳಿದೆ. ಮ್ಯಾಂಟಲ್ ಆಡುತ್ತಿದ್ದ ಯಾಂಕೀಸ್ ತಂಡದವರ ಕಾರ್ಡು ಬಂದರೆ ತಾತ ಅದನ್ನು ಮರುದಿನವೇ ಶಾಲೆಯಲ್ಲಿ ಕೊಟ್ಟು ಡಾಡ್ಜರ್ಸ್ ಕಾರ್ಡು ತರುತ್ತಿದ್ದರಂತೆ. ಆ ಕಥೆಯನ್ನು ಅವರು ಸಾಯುವವರೆಗೂ ಹೆಮ್ಮೆಯಿಂದ ಹೇಳುತ್ತಿದ್ದರಂತೆ.

1957ರ ಆರನ್ ಕಾರ್ಡಿನಲ್ಲಿ ಏನೋ ಸರಿಯಿಲ್ಲ. ಅವನು ಎಡಗೈ ಆಟಗಾರನಂತೆ ನಿಂತಿದ್ದಾನೆ, ಅಂಗಿಯ ಮೇಲಿನ ಅಂಕಿ ತಿರುಗುಮುರುಗಾಗಿದೆ. ಇದು ನಕಲಿಯೇ?

ಕಾಗದದ ಹುಳು

ನಕಲಿಯಲ್ಲ. ಟಾಪ್ಸ್‌ನವರು ನೆಗೆಟಿವ್ ತಿರುಗಿಸಿ ಮುದ್ರಿಸಿದರು, ಅದನ್ನು ತಿದ್ದಲೇ ಇಲ್ಲ. ಆ ವರ್ಷದ ಆರನ್ ಕಾರ್ಡುಗಳೆಲ್ಲವೂ ಹಾಗೆಯೇ ಇವೆ, ಆದ್ದರಿಂದ ತಪ್ಪಿಗೆಂದು ಹೆಚ್ಚಿನ ಬೆಲೆಯೂ ಇಲ್ಲ. 1956ರ ಆರನ್ ಕಾರ್ಡನ್ನೂ ನೋಡಿ: ಹಿನ್ನೆಲೆಯಲ್ಲಿ ಜಾರಿ ಬರುತ್ತಿರುವ ಆಟಗಾರ ಆರನ್ ಅಲ್ಲ, ವಿಲ್ಲಿ ಮೇಸ್. ಇಂಥವನ್ನು ತಿಳಿದಿರಿ. ಮೇಜಿನ ಮುಂದೆ ಬಂದವರು ನಿಮ್ಮನ್ನು ಪರೀಕ್ಷಿಸಲು ಇದನ್ನೇ ಕೇಳುತ್ತಾರೆ.

ಸ್ನೈಡರ್ ಗಾಯದ ಕಾರಣವೂ ಸರಳ. 210 ಆ ವರ್ಷದ ಕೊನೆಯ ಸಂಖ್ಯೆ. ಮಕ್ಕಳು ಕ್ರಮವಾಗಿ ಜೋಡಿಸಿ ಬ್ಯಾಂಡ್ ಹಾಕಿದಾಗ ಕಟ್ಟಿನ ಮೊದಲ ಮತ್ತು ಕೊನೆಯ ಕಾರ್ಡುಗಳೇ ಪೆಟ್ಟು ತಿನ್ನುತ್ತಿದ್ದವು. ಆದ್ದರಿಂದಲೇ ಮೊದಲ ಮತ್ತು ಕೊನೆಯ ಸಂಖ್ಯೆಗಳು ಒಳ್ಳೆಯ ಸ್ಥಿತಿಯಲ್ಲಿ ಸಿಗುವುದು ಕಷ್ಟ.

ಮಲ್ಲಿಗೆ ಹಂಬು (ಡಲ್ಲಾಸ್)

ನನ್ನ ಅಭಿಪ್ರಾಯ ಬೇರೆ. ಮೊದಲು ಎಲ್ಲ ಒಳ್ಳೆಯ ಕಾರ್ಡುಗಳನ್ನೂ ಪಿಎಸ್‌ಎ ಅಥವಾ ಎಸ್‌ಜಿಸಿಗೆ (ಕಾರ್ಡು ಅಸಲಿಯೇ ಎಂದು ನೋಡಿ, ಅದರ ಸ್ಥಿತಿಗೆ 10ಕ್ಕೆ ಇಷ್ಟು ಎಂದು ಅಂಕ ಕೊಡುವ ಸಂಸ್ಥೆಗಳು) ಕಳುಹಿಸಿ ಗ್ರೇಡ್ ಮಾಡಿಸಿ, ಆಮೇಲೆ ಹರಾಜು ಸಂಸ್ಥೆಗೆ ಕೊಡಿ. ಇಲ್ಲಿ ಅಲೆನ್ ಊರಿನಲ್ಲಿ ನಡೆಯುವ ಡಲ್ಲಾಸ್ ಕಾರ್ಡ್ ಶೋಗೆ ನಾನು ಮಗನ ಜೊತೆ ಹೋಗುತ್ತಿರುತ್ತೇನೆ. ಮೇಜುಗಳ ಮೇಲೆ ಹೆಚ್ಚಿನವು ಈ ಕಾಲದ ಹೊಳೆಯುವ ಕಾರ್ಡುಗಳು. ಕೊಳ್ಳುವವರು 20 ವರ್ಷದ ಹುಡುಗರು, ಬೆನ್ನಿಗೆ ಚೀಲ, ಕೈಯಲ್ಲಿ ಮೊಬೈಲ್. 1956ರ ಕಾರ್ಡು ಇಟ್ಟುಕೊಂಡು ಒಂದು ದಿನ ಪೂರ್ತಿ ಕುಳಿತರೆ ಯಾರು ಕೇಳುತ್ತಾರೆ? ಹರಾಜಿನಲ್ಲಿ ಇಡೀ ದೇಶವೇ ಗಿರಾಕಿ. 1952ರ ಟಾಪ್ಸ್ ಮ್ಯಾಂಟಲ್ 2022ರಲ್ಲಿ 1.26 ಕೋಟಿ ಡಾಲರಿಗೆ ಹೋದದ್ದು ಹರಾಜಿನಲ್ಲಿಯೇ ಅಲ್ಲವೇ?

ಅಕ್ಕರೆಯಿಂದಲೇ ಹೇಳುತ್ತಿದ್ದೇನೆ. ಅಜ್ಜಿಯ ಹಣದ ವಿಷಯ, ಭಾವನೆಗೆ ಸಿಕ್ಕಿ ಕಡಿಮೆ ಬೆಲೆಗೆ ಕೊಡುವಂತಾಗಬಾರದು.

ಕಾಗದದ ಹುಳು

ಮಲ್ಲಿಗೆ ಹಂಬು ಅವರೇ, ನಿಮ್ಮ ಕಾಳಜಿ ನ್ಯಾಯವಾದದ್ದು. ಆದರೆ 1.26 ಕೋಟಿಯ ಆ ಕಾರ್ಡು 10ಕ್ಕೆ 9.5 ಗ್ರೇಡ್ ಪಡೆದದ್ದು. ಆ ಮ್ಯಾಂಟಲ್ ಇದ್ದ 1952ರ ಕೊನೆಯ ಸರಣಿಯ ಕಾರ್ಡುಗಳು ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದಾಗ, ಟಾಪ್ಸ್‌ನ ಸೈ ಬರ್ಗರ್ ಅವನ್ನು 1960ರಲ್ಲಿ ದೋಣಿಯಲ್ಲಿ ಒಯ್ದು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದ ಕಥೆ ಎಲ್ಲರಿಗೂ ಗೊತ್ತು. ಅಂಥ ಅಪರೂಪಕ್ಕೂ ನಮ್ಮ ಶೂ ಡಬ್ಬಿಗೂ ಸಂಬಂಧವಿಲ್ಲ. ಇವು ಒಬ್ಬ ಹುಡುಗ ಜೇಬಿನಲ್ಲಿಟ್ಟು ತಿರುಗಿದ ಕಾರ್ಡುಗಳು. 2, 3, ಅದೃಷ್ಟವಿದ್ದರೆ 4 ಬರುತ್ತದೆ.

ಗ್ರೇಡಿಂಗ್‌ಗೆ ಪ್ರತಿ ಕಾರ್ಡಿಗೂ ಶುಲ್ಕ, ಹೋಗಿಬರುವ ಅಂಚೆ, ವಿಮೆ. ಸಾಮಾನ್ಯ ಆಟಗಾರನ ಕಾರ್ಡು ಆ ಖರ್ಚನ್ನೇ ಗಳಿಸುವುದಿಲ್ಲ. ನನ್ನ ಲೆಕ್ಕದಲ್ಲಿ ಈ 412ರಲ್ಲಿ ಕಳುಹಿಸಬೇಕಾದವು ನಾಲ್ಕೇ: ಎರಡು ರಾಬಿನ್ಸನ್, 1955ರ ಕೋಫ್ಯಾಕ್ಸ್, 1956ರ ಆರನ್. ಅವುಗಳಿಗೆ ಗ್ರೇಡಿಂಗ್ ಬೇಕಾಗಿರುವುದು ಅಂಕಿಗಾಗಿ ಅಲ್ಲ, ಅಸಲಿ ಎಂಬ ಮುದ್ರೆಗಾಗಿ. ಅಪರಿಚಿತನ ಮೇಜಿನ ಮೇಲೆ ಬಿಡಿಯಾಗಿರುವ ಕೋಫ್ಯಾಕ್ಸ್ ಕಂಡರೆ ಅನುಭವಿ ಕೊಳ್ಳುವವನು ಮೊದಲು ಯೋಚಿಸುವುದು ನಕಲಿ ಎಂದು, ಎರಡನೆಯದು ಅಂಚು ಕತ್ತರಿಸಿದ್ದಾರೆ ಎಂದು. ಆ ಅನುಮಾನಕ್ಕೆ ಕಾರಣವಿದೆ. ಜಗತ್ತಿನ ಅತಿ ಪ್ರಸಿದ್ಧ ಕಾರ್ಡು, ಐಸ್ ಹಾಕಿ ಆಟಗಾರ ವೇನ್ ಗ್ರೆಟ್ಸ್ಕಿ ಒಮ್ಮೆ ಪಾಲುದಾರನಾಗಿ ಕೊಂಡಿದ್ದ, ಟಿ206 ಎಂಬ ಹಳೆಯ ಸರಣಿಯ ಹೋನಸ್ ವ್ಯಾಗ್ನರ್, ಅದರ ಅಂಚನ್ನೇ ಕತ್ತರಿಸಿದ್ದೆ ಎಂದು ವ್ಯಾಪಾರಿ ಬಿಲ್ ಮಾಸ್ಟ್ರೊ 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡ. ಗ್ರೇಡಿಂಗ್ ಸಂಸ್ಥೆಯ ಪೆಟ್ಟಿಗೆಯೊಳಗಿದ್ದ ಕಾರ್ಡಿನ ಕಥೆಯೇ ಹೀಗಾದರೆ ಬಿಡಿ ಕಾರ್ಡಿನ ಪಾಡೇನು?

ಉಳಿದ 400ಕ್ಕೂ ಹೆಚ್ಚು ಕಾರ್ಡುಗಳಿಗೆ ಊರಿನ ಶೋಗಿಂತ ಒಳ್ಳೆಯ ಜಾಗವಿಲ್ಲ. ಒಂದೊಂದನ್ನೇ ಅಂತರ್ಜಾಲದಲ್ಲಿ ಫೋಟೊ ಹಾಕಿ, ಕಮಿಷನ್ ಕೊಟ್ಟು, ಲಕೋಟೆ ಕಟ್ಟುವುದರಲ್ಲಿ ವರ್ಷ ಕಳೆಯುತ್ತದೆ. ಶೋನಲ್ಲಿ ಒಬ್ಬನೇ ಬಂದು ಕೈಯಲ್ಲಿ ಪಟ್ಟಿ ಹಿಡಿದು, 1957ರಲ್ಲಿ ನನಗೆ 63 ಕಾರ್ಡು ಬಾಕಿ ಎಂದು ಕುಳಿತು ಮೂವತ್ತು ಎತ್ತಿಕೊಳ್ಳುತ್ತಾನೆ. ಹೀಗೆ ಒಂದು ವರ್ಷದ ಎಲ್ಲ ಸಂಖ್ಯೆಗಳ ಸೆಟ್ ಪೂರ್ತಿ ಮಾಡುವವರು ಹೆಚ್ಚಾಗಿ ಹಿರಿಯರು. ಅವರು ಹುಡುಗರ ದೊಡ್ಡ ಶೋಗಿಂತ ಅಗ್ನಿಶಾಮಕ ದಳದ ಸಭಾಂಗಣಕ್ಕೇ ಬರುತ್ತಾರೆ, ಕಾಫಿ ಕುಡಿಯುತ್ತಾರೆ, ಹೊತ್ತು ಕೊಟ್ಟು ನೋಡುತ್ತಾರೆ.

ಲೆಕ್ಕಿಗ (ಚಿಕಾಗೊ)

ತೆರಿಗೆಯ ಮಾತು ಬರುವ ಮುಂಚೆಯೇ ಹೇಳಿಬಿಡುತ್ತೇನೆ. ವಾರಸುದಾರಿಕೆಯಿಂದ ಬಂದ ವಸ್ತುವಿಗೆ ಸಾಮಾನ್ಯವಾಗಿ ಮೂಲಬೆಲೆ ಎಂದರೆ ಮಾಲೀಕರು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆ, 1955ರ ಪೈಸೆ ಲೆಕ್ಕವಲ್ಲ. ಅದಕ್ಕಿಂತ ಹೆಚ್ಚು ಬಂದರೆ ಮಾತ್ರ ಲಾಭ. ಸಂಗ್ರಹ ವಸ್ತುಗಳ ದೀರ್ಘಾವಧಿ ಲಾಭಕ್ಕೆ ಕೇಂದ್ರ ತೆರಿಗೆಯ ಗರಿಷ್ಠ ದರ 28%, ಷೇರುಗಳಿಗಿಂತ ಹೆಚ್ಚು. ಪಟ್ಟಿ ಇಡಿ: ಕಾರ್ಡು, ತಾರೀಖು, ಬಂದ ಹಣ. ಹಣ ನೇರ ಅಜ್ಜಿಯ ಖಾತೆಗೇ ಹೋಗಲಿ, ನಿಮ್ಮ ಖಾತೆಯ ಮೂಲಕ ಬೇಡ. ಶೋನಲ್ಲಿ ಮಾರಲು ಟೇಬಲ್ ಬಾಡಿಗೆಗೆ ತೆಗೆದುಕೊಂಡರೆ ಮಾರಾಟ ತೆರಿಗೆಯ ನೋಂದಣಿ ಬೇಕೇ ಎಂದು ಸಂಘಟಕರನ್ನು ಮೊದಲೇ ಕೇಳಿ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ.

ಹೊಸ ನೀರು (ಸಿಯಾಟಲ್)

ಲೆಕ್ಕಿಗ ಸರ್, ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ನನಗೂ ಕಾರ್ಡುಗಳ ಹುಚ್ಚು. ಶೋಗಳಲ್ಲಿ ಟೇಬಲ್ ಹಾಕಬಹುದೇ?

ಲೆಕ್ಕಿಗ

ನಿಮ್ಮದೇ ಸಂಗ್ರಹದಿಂದ ಅಪರೂಪಕ್ಕೆ ನಾಲ್ಕು ಕಾರ್ಡು ಮಾರುವುದು ಬೇರೆ, ಕೊಂಡು ಮಾರುವುದನ್ನು ತಿಂಗಳು ತಿಂಗಳು ನಡೆಸುವುದು ಬೇರೆ. ಎರಡನೆಯದು ವ್ಯವಹಾರ ಎನಿಸಿಕೊಳ್ಳುತ್ತದೆ, ಆ ವೀಸಾ ಅದಕ್ಕೆ ಅವಕಾಶ ಕೊಡುವುದಿಲ್ಲ. ಟೇಬಲ್ ಹಾಕುವ ಮುಂಚೆ ವಲಸೆ ವಕೀಲರನ್ನು ಕೇಳಿ. ಒಂದು ಗಂಟೆಯ ಶುಲ್ಕ ಉಳಿಸಲು ಹೋಗಿ ಇಲ್ಲಿಯ ಬದುಕನ್ನೇ ಅಪಾಯಕ್ಕೆ ಒಡ್ಡಬೇಡಿ.

ಘಾಟಿ ಜಾತ್ರೆ (ದೊಡ್ಡಬಳ್ಳಾಪುರದವನು, ಈಗ ಕನೆಕ್ಟಿಕಟ್)

ನಮ್ಮ ತಾತ ಪ್ರತಿ ವರ್ಷ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತು ಹೊಡೆದುಕೊಂಡು ಹೋಗುತ್ತಿದ್ದರು. ಚಿಕ್ಕವನಾಗಿದ್ದಾಗ ಅವರ ಜೊತೆ ಹೋಗಿ ನೋಡಿದ್ದು ನನಗೆ ಇಲ್ಲಿಯ ಕಾರ್ಡ್ ಶೋಗಳಲ್ಲಿ ಅನ್ನ ಕೊಡುತ್ತಿದೆ ಎಂದರೆ ಅತಿಶಯೋಕ್ತಿಯಲ್ಲ. ಏಳು ವರ್ಷಗಳಿಂದ ಟೇಬಲ್ ಹಾಕುತ್ತಿದ್ದೇನೆ.

ಎತ್ತು ಕೊಳ್ಳುವವನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಕಾರ್ಡಿನಲ್ಲಿ ಆ ಹಲ್ಲು ಎಂದರೆ ನಾಲ್ಕು ಮೂಲೆ. ಮೂಲೆ ಚೂಪೋ ಗುಂಡೋ, ಅಂಚು ಸುಲಿದಿದೆಯೋ, ಚಿತ್ರ ಚೌಕಟ್ಟಿನ ನಡುವೆ ಕೂತಿದೆಯೋ ಒಂದು ಬದಿಗೆ ಸರಿದಿದೆಯೋ, ಹಿಂದೆ ಪೊಟ್ಟಣದ ಬಬಲ್‌ಗಮ್ ಅಥವಾ ಮೇಣದ ಕಲೆ ಇದೆಯೋ. ಕೊನೆಯದಾಗಿ ದೀಪದ ಕೆಳಗೆ ಓರೆ ಹಿಡಿದು ಮಡಿಕೆ ನೋಡಬೇಕು. ನೇರ ನೋಡಿದರೆ ಕಾಣದ ಮಡಿಕೆ ಓರೆಯಲ್ಲಿ ಕೂದಲೆಳೆಯಂತೆ ಮಿಂಚುತ್ತದೆ. ಕೊಳ್ಳುವವನು ಅದನ್ನು ಕಂಡುಹಿಡಿಯುವ ಮುಂಚೆ ನೀವೇ ಹೇಳಿಬಿಡಿ. ಟಾಪ್‌ಲೋಡರ್ ಮೇಲೆ ಚೀಟಿ ಅಂಟಿಸಿ ‘ಎಡ ಮೇಲ್ಮೂಲೆಯಲ್ಲಿ ಮಡಿಕೆ, ಹಿಂದೆ ಪೆನ್ಸಿಲ್’ ಎಂದು ಬರೆಯಿರಿ. ಒಂದು ಕಾರ್ಡಿನ ದೋಷವನ್ನು ತಾನಾಗಿ ಹೇಳಿದವನ ಉಳಿದ ನೂರು ಕಾರ್ಡುಗಳನ್ನು ಜನ ನಂಬುತ್ತಾರೆ. ತಾತ ಹಾಯುವ ಎತ್ತನ್ನು ಹಾಯುತ್ತದೆ ಎಂದು ಹೇಳಿಯೇ ಮಾರುತ್ತಿದ್ದರು. ಮರುವರ್ಷ ಅದೇ ರೈತ ಹುಡುಕಿಕೊಂಡು ಬರುತ್ತಿದ್ದ.

ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಇಲ್ಲಿ ಟವೆಲ್ ಇಲ್ಲ, ಮೊಬೈಲ್ ಇದೆ. ಬಂದವನು ನಿಮ್ಮೆದುರಿಗೇ ಇತ್ತೀಚೆಗೆ ಮಾರಾಟವಾದ ಬೆಲೆಗಳನ್ನು ತೆರೆದು ತೋರಿಸುತ್ತಾನೆ. ಇದಕ್ಕೆ ಕಾಂಪ್ಸ್ ಎನ್ನುತ್ತಾರೆ. ತೋರಿಸುವುದು ಅತ್ಯಂತ ಕಡಿಮೆಯದನ್ನೇ. ನೀವೂ ಹಿಂದಿನ ರಾತ್ರಿ ಅದೇ ಸ್ಥಿತಿಯ ಐದು ಮಾರಾಟ ನೋಡಿ ಸರಾಸರಿ ಬರೆದಿಟ್ಟುಕೊಂಡಿರಿ. ಕೇಳುವ ಬೆಲೆ ಯಾರು ಬೇಕಾದರೂ ಬರೆಯಬಹುದು, ಮಾರಿದ ಬೆಲೆಯೇ ಬೆಲೆ. ಮರುಮಾರಾಟಕ್ಕೆ ಕೊಳ್ಳುವ ಡೀಲರ್ ಆ ಸರಾಸರಿಯ ಅರ್ಧದಿಂದ ಮುಕ್ಕಾಲಿನವರೆಗೆ ಕೊಡುತ್ತಾನೆ. ಅದು ಮೋಸವಲ್ಲ, ಅವನಿಗೂ ಟೇಬಲ್ ಬಾಡಿಗೆ, ಪೆಟ್ರೋಲು, ಹೊಟ್ಟೆಪಾಡು ಇದೆ. ಆದರೆ ಸೆಟ್ ತುಂಬಿಸುವ ಸಂಗ್ರಾಹಕ ಪೂರ್ತಿ ಸರಾಸರಿಗೆ ಹತ್ತಿರ ಬರುತ್ತಾನೆ. ಮಧ್ಯಾಹ್ನದವರೆಗೆ ಸಂಗ್ರಾಹಕರಿಗಾಗಿ ಕಾಯಿರಿ, ಬಾಗಿಲು ತೆರೆಯುವ ಮುಂಚೆಯೇ ಪಕ್ಕದ ಮೇಜಿನ ಡೀಲರ್‌ಗಳು ಬಂದು ‘ಏನು ತಂದಿದ್ದೀರಿ’ ಎಂದು ಕೈ ಹಾಕಿದರೆ ನಕ್ಕು ತಡೆಯಿರಿ.

ಬೋಣಿ ಮಾತ್ರ ಬಿಡಬೇಡಿ. ಮೊದಲ ಗಿರಾಕಿ ಎರಡು ಡಾಲರ್ ಕಡಿಮೆ ಕೇಳಿದರೆ ಕೊಟ್ಟುಬಿಡಿ. ಮೇಜಿನ ಮುಂದೆ ಒಬ್ಬ ನಿಂತಿದ್ದರೆ ಇನ್ನೊಬ್ಬ ನಿಲ್ಲುತ್ತಾನೆ.

ತುಂಗಾತೀರ (ಒಹಾಯೊ)

ಎಚ್ಚರಿಕೆಯ ಮಾತೊಂದಿದೆ. ಮೂರು ವರ್ಷಗಳ ಹಿಂದೆ ಒಂದು ಹೋಟೆಲಿನ ಸಭಾಂಗಣದ ಶೋನಲ್ಲಿ ನನ್ನ ಮೇಜಿಗೆ ಇಬ್ಬರು ಒಟ್ಟಿಗೆ ಬಂದರು. ಒಬ್ಬ ಎಡಗಡೆ ನಿಂತು ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಿದ್ದ. ಅವರು ಹೋದ ಮೇಲೆ ನೋಡಿದರೆ ಬಲಗಡೆಯ 1968ರ ನೋಲನ್ ರಯಾನ್ ಮೊದಲ ಕಾರ್ಡು ಇರಲಿಲ್ಲ. ಸಂಘಟಕರು ಸಹಾನುಭೂತಿ ತೋರಿಸಿದರು, ಅಷ್ಟೇ. ನನ್ನ ತಂಗಿಯ ಮದುವೆಗೆಂದು ಮಾರಲು ಇಟ್ಟಿದ್ದ ಕಾರ್ಡು ಅದು, ಇಂದಿಗೂ ಹೊಟ್ಟೆ ಉರಿಯುತ್ತದೆ.

ಒಬ್ಬರೇ ಹೋಗಬೇಡಿ. ಬೆಲೆಬಾಳುವವು ಬೀಗವಿರುವ ಗಾಜಿನ ಪೆಟ್ಟಿಗೆಯಲ್ಲಿರಲಿ. ಒಂದು ಸಲಕ್ಕೆ ಒಂದೇ ಕಾರ್ಡು ಹೊರತೆಗೆಯಿರಿ, ಅದು ಒಳಗೆ ಹೋದ ಮೇಲೆಯೇ ಮುಂದಿನದು. 100 ಡಾಲರ್ ನೋಟು ಕೊಟ್ಟರೆ ಪರೀಕ್ಷಿಸುವ ಪೆನ್ನು ಇಟ್ಟುಕೊಳ್ಳಿ. ಪೆಟ್ಟಿಗೆಗಳನ್ನು ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗುವುದಂತೂ ಬೇಡವೇ ಬೇಡ.

ಹೇಮಾವತಿ ತೀರ (ಒಂದು ತಿಂಗಳ ನಂತರ)

ಮೊದಲ ಭಾನುವಾರ ಟೇಬಲ್ ತೆಗೆದುಕೊಳ್ಳಲಿಲ್ಲ. ಕಾಗದದ ಹುಳು ಅವರು ಫೋನಿನಲ್ಲಿ ಹೇಳಿದಂತೆ ಬರಿಗೈಯಲ್ಲಿ ಹೋಗಿ ಮೂರು ಗಂಟೆ ಸುತ್ತಿದೆ. ಸುಮಾರು 40 ಮೇಜುಗಳು. ಹಳೆಯ ಕಾರ್ಡು ಇಟ್ಟವರು ಆರು ಮಂದಿ. ಅವರು ಬೆಲೆ ಹೇಗೆ ಬರೆಯುತ್ತಾರೆ, ಯಾವ ಪೆಟ್ಟಿಗೆಯ ಮುಂದೆ ಜನ ಕುರ್ಚಿ ಎಳೆದುಕೊಂಡು ಕೂರುತ್ತಾರೆ ಎಂದು ನೋಡಿದೆ. ಒಬ್ಬ ಡೀಲರ್‌ಗೆ ನನ್ನ ಪಟ್ಟಿ ತೋರಿಸಿದೆ. ಕಾರ್ಡು ನೋಡದೆ 1,500 ಡಾಲರ್ ಎಂದ. 500 ಎಂದು ಶುರುವಾದ ಡಬ್ಬಿ ಒಂದು ಕಾಗದದ ಪಟ್ಟಿಯಿಂದಲೇ ಮೂರು ಪಟ್ಟಾಯಿತು.

ನಾಲ್ಕು ಕಾರ್ಡುಗಳು ಗ್ರೇಡಿಂಗ್‌ಗೆ ಹೋಗಿವೆ. ಉಳಿದವಕ್ಕೆ ಮಗಳ ಜೊತೆ ಕುಳಿತು ಚೀಟಿ ಬರೆದೆವು. ಸಾಮಾನ್ಯ ಆಟಗಾರರದು 2ರಿಂದ 5 ಡಾಲರ್, 1957ರ ವಿರಳ ಸರಣಿಗೆ ಹೆಚ್ಚು. ಪ್ರತಿಯೊಂದರ ದೋಷವನ್ನೂ ಬರೆದಿದ್ದೇವೆ. 400 ಕಾರ್ಡುಗಳ ಮೂಲೆಗಳನ್ನು ದೀಪದ ಕೆಳಗೆ ನೋಡಿದ ಮೇಲೆ ನನ್ನ ಕಣ್ಣೇ ಬದಲಾದಂತಿದೆ. ಈಗ ಯಾರಾದರೂ ‘ಇದು ಬರೀ ಹಳೆಯ ಕಾಗದ’ ಎಂದರೆ ಸುಮ್ಮನಿರಲಾರೆ.

ಪೆನ್ಸಿಲ್ ಹೆಸರಿರುವ ರಾಬಿನ್ಸನ್ ಕಾರ್ಡನ್ನು ಇಟ್ಟುಕೊಳ್ಳುತ್ತೀರಾ ಎಂದು ಅಜ್ಜಿಯನ್ನು ಕೇಳಿದೆ. ‘ಅವರ ಹೆಸರು ನನ್ನ ಹೆಸರಿನ ಜೊತೆಗೇ ಇದೆ, ಮಳೆ ಮಾತ್ರ ಮಲಗುವ ಕೋಣೆಗೆ ಬರುತ್ತಿದೆ’ ಎಂದರು. ಅದೂ ಹೋಯಿತು ಗ್ರೇಡಿಂಗ್‌ಗೆ.

ಮಲ್ಲಿಗೆ ಹಂಬು

ಪಟ್ಟಿ ನೋಡಿಯೇ 1,500 ಎಂದನೇ! ಹಾಗಾದರೆ ನನ್ನ ಮಾತಿನಲ್ಲಿ ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಸಾಮಾನ್ಯ ಕಾರ್ಡುಗಳಿಗೆ ಶೋ ಸರಿ. ಆದರೆ ಗ್ರೇಡ್ ಆಗಿ ಬಂದ ನಾಲ್ಕನ್ನು ಹರಾಜಿಗೆ ಹಾಕುವ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೆಯೇ ಇದೆ.

ಕಾಗದದ ಹುಳು

ಆ ನಾಲ್ಕರ ವಿಷಯದಲ್ಲಿ ನಾನೂ ನಿಮ್ಮ ಕಡೆಗೇ. ಹರಾಜು ಬೇಡವಾದರೆ ಫಿಲಡೆಲ್ಫಿಯಾ ಹತ್ತಿರದ ಓಕ್ಸ್ ಊರಿನಲ್ಲಿ ಫಿಲಿ ಶೋ ಇದೆ, ಅಲ್ಲಿ ಹಳೆಯ ಕಾರ್ಡಿಗೆ ಒಳ್ಳೆಯ ಗಿರಾಕಿಗಳು ಬರುತ್ತಾರೆ.

ಹೇಮಾವತಿ ತೀರ (ಮತ್ತೆ ಐದು ವಾರಗಳ ನಂತರ)

ನಿನ್ನೆ ಟೇಬಲ್ ಹಾಕಿದೆವು. ಬಾಡಿಗೆ 60 ಡಾಲರ್. ಅಜ್ಜಿ ತಾವೂ ಬರುತ್ತೇನೆ ಎಂದರು. ಆಯಾಸವಾಗುತ್ತದೆ ಎಂದು ಹೇಳಿ ನೋಡಿದೆ, ಕೇಳಲಿಲ್ಲ.

ಎಂಟು ಗಂಟೆಗೆ ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ, ಇಸವಿಗೊಂದು ಉದ್ದನೆಯ ಪೆಟ್ಟಿಗೆ ಇಟ್ಟೆ. ಘಾಟಿ ಜಾತ್ರೆ ಅವರು ಹೇಳಿದ್ದು ಅಕ್ಷರಶಃ ನಡೆಯಿತು: ಬಾಗಿಲು ತೆರೆಯುವ ಮುಂಚೆಯೇ ಇಬ್ಬರು ಡೀಲರ್‌ಗಳು ಬಂದು ಎಲ್ಲವನ್ನೂ ಕೇಳಿದರು. ತಡೆದೆ. ಬೋಣಿ ಮಾಡಿದ್ದು ಹತ್ತು ವರ್ಷದ ಹುಡುಗ, ಮೂರು ಡಾಲರಿನ ಕಾರ್ಡಿಗೆ ಎರಡು ಕೊಟ್ಟ.

ಆಮೇಲೆ ವ್ಯಾಪಾರ ಮಾಡಿದ್ದು ಅಜ್ಜಿ. ನಾನು ಸಂಖ್ಯೆ, ಸ್ಥಿತಿ ಹೇಳುತ್ತಿದ್ದೆ. ಅವರು ತಾತನ ಕಥೆ ಹೇಳುತ್ತಿದ್ದರು, ಯಾವ ಬೀದಿ, ಯಾವ ಅಂಗಡಿ, ಯಾವ ಗೆಳೆಯನಿಗೆ ಮ್ಯಾಂಟಲ್ ಕೊಟ್ಟು ಡಾಡ್ಜರ್ಸ್‌ನ ಹಾಜಸ್ ತಂದದ್ದು. ಬ್ರೂಕ್ಲಿನ್‌ನಲ್ಲಿ ಬೆಳೆದ ಒಬ್ಬ ಹಿರಿಯರು ಕುರ್ಚಿ ಎಳೆದು ಕುಳಿತವರು ಎರಡು ಗಂಟೆ ಏಳಲಿಲ್ಲ. ಡಾಡ್ಜರ್ಸ್ ಆಡುತ್ತಿದ್ದ ಎಬೆಟ್ಸ್ ಫೀಲ್ಡ್ ಮೈದಾನವನ್ನು 1960ರಲ್ಲಿ ಕೆಡವುವಾಗ ತಾನು ಹೋಗಿ ನೋಡಿದ್ದೆ ಎಂದರು. 1957ರ ಪೆಟ್ಟಿಗೆಯಿಂದ 38 ಕಾರ್ಡು ತೆಗೆದುಕೊಂಡರು, ಜೊತೆಗೆ ರಬ್ಬರ್ ಬ್ಯಾಂಡಿನ ಗಾಯವಿದ್ದ 1955ರ ಸ್ನೈಡರ್ ಕೂಡ. ಬೆಲೆಯಲ್ಲಿ ಐದು ಡಾಲರ್ ಇಳಿಸಿ ಎಂದು ಕೇಳಿದಾಗ ಅಜ್ಜಿ ಒಪ್ಪಲಿಲ್ಲ. ಅವರು ಪೂರ್ತಿ ಕೊಟ್ಟರು.

ದಿನದ ಕೊನೆಗೆ 143 ಕಾರ್ಡುಗಳು ಹೋಗಿ 1,120 ಡಾಲರ್ ಬಂದಿದೆ. 1957ರ ಕೋಫ್ಯಾಕ್ಸ್ ಒಂದಕ್ಕೇ ಮೂವರು ಕೇಳಿದರು. ಹೆಚ್ಚು ಬೆಲೆ ಹೇಳಿದವರಿಗೆ ಕೊಡದೆ, ಕಾರ್ಡನ್ನು ನಿಧಾನವಾಗಿ ನೋಡಿದವರಿಗೆ ಅಜ್ಜಿ ಹತ್ತು ಡಾಲರ್ ಕಡಿಮೆಗೆ ಕೊಟ್ಟರು. ಅದು ಅವರ ಹಕ್ಕು, ನಾನು ಮಾತಾಡಲಿಲ್ಲ. ಗ್ರೇಡಿಂಗ್‌ನಿಂದ 1955ರ ಕೋಫ್ಯಾಕ್ಸ್‌ಗೆ 3 ಬಂದಿದೆ. 1956ರ ರಾಬಿನ್ಸನ್‌ಗೆ 2: ನಾವು ಕಾಣದ ಸಣ್ಣ ಮಡಿಕೆಯೊಂದು ಅವರಿಗೆ ಕಂಡಿದೆ. ಇನ್ನೆರಡು ಬರಬೇಕು.

ಘಾಟಿ ಜಾತ್ರೆ

143! ಮೊದಲ ಟೇಬಲ್‌ಗೆ ನನಗೆ ಬಂದದ್ದು 90 ಡಾಲರ್. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ಉಳಿದವನ್ನು ಈಗ ಒಂದೇ ಸಲ ಡೀಲರ್‌ಗೆ ಕೊಡಬೇಡಿ. ಅದೇ ಸೆಟ್ ಮಾಡುವವರು ಮುಂದಿನ ತಿಂಗಳು ತಮ್ಮ ಪಟ್ಟಿ ತರುತ್ತಾರೆ.

ಹೇಮಾವತಿ ತೀರ

ಕೊಡುವುದಿಲ್ಲ. ಆ ಬ್ರೂಕ್ಲಿನ್ ಹಿರಿಯರು ತಮಗೆ ಬಾಕಿಯಿರುವ ಸಂಖ್ಯೆಗಳನ್ನು ಆಗಲೇ ಬರೆದುಕೊಟ್ಟು ಹೋಗಿದ್ದಾರೆ. ಅದರಲ್ಲಿ 17 ನಮ್ಮ ಡಬ್ಬಿಯಲ್ಲಿವೆ, ಬೇರೆ ತೆಗೆದಿಟ್ಟಿದ್ದೇನೆ. ಮುಂದಿನ ಶೋಗೂ ಟೇಬಲ್ ಕಾಯ್ದಿರಿಸಿದ್ದಾಗಿದೆ. ಸಭಾಂಗಣದ ಕಬ್ಬಿಣದ ಕುರ್ಚಿ ಗಟ್ಟಿ, ಮನೆಯಿಂದ ದಿಂಬು ತರಬೇಕು ಎಂದು ಅಜ್ಜಿ ಇವತ್ತು ಬೆಳಿಗ್ಗೆಯೇ ಹೇಳಿ ಕಳುಹಿಸಿದರು. ಛಾವಣಿಯವರು ಗುರುವಾರ ಬರುತ್ತಾರೆ.